ಬೂದಿ ಗುಂಡಿಯ ಮೇಲೆ ಕೂತವಳು

ನಮ್ಮ ಬೀದಿಗೆ ಹೊಳೆ ನೀರು ಬರುವುದಿಲ್ಲ ಎಂದು ಹೇಳಿದವನು ವಾರ್ಡಿನ ಮೆಂಬರು. ಹೊಳೆಯನ್ನು ಕರೆಸಿ ಮಾತಾಡಿ ಬಂದವನ ಹಾಗೆ ಹೇಳಿದ. ಅಂಗಡಿಯ ಗಾಜಿನ ಕಪಾಟಿಗೆ ಮೊಣಕೈ ಊರಿ, ಒಂದು ಬನ್ನು ಎತ್ತಿಕೊಂಡು ಅರ್ಧ ತಿಂದು, ಉಳಿದರ್ಧವನ್ನು ಅದೇ ಗಾಜಿನ ಮೇಲೆ ಇಟ್ಟ.

"ಕೆಳಗಿನ ಬೀದಿಯವರನ್ನೆಲ್ಲ ದಿಬ್ಬದ ಶಾಲೆಗೆ ಸಾಗಿಸ್ತಾ ಇದೀವಿ. ಬೆಳಗ್ಗೆಗೆ ಅವ್ರಿಗೆ ಬ್ರೆಡ್ಡು ಬೇಕು. ಭಟ್ಟಿ ತುಂಬಾ ಹಾಕ್ಬಿಡಿ. ಪುಣ್ಯದ ಕೆಲಸ."

"ನೀರು ಇಲ್ಲಿಗೂ ಬಂದ್ರೆ?" ಅಂದಳು ಅತ್ತಿಗೆ.

"ಇಲ್ಲಿಗಾ? ನಾನು ಹೇಳ್ತಿದೀನಲ್ಲಮ್ಮ, ಬರಲ್ಲ."

ಅವನು ಹೋದಮೇಲೆ ಅತ್ತಿಗೆ ಆ ಎಂಜಲು ಬನ್ನನ್ನು ಎರಡು ಬೆರಳಲ್ಲಿ ಹಿಡಿದು ಬೀದಿಗೆ ಎಸೆದಳು. ಆದರೆ ಭಟ್ಟಿಗೆ ಸೌದೆ ತುಂಬಿದೆವು. ಶಾಲೆಯಲ್ಲಿ ಕೂತವರು ನಮ್ಮ ಗಿರಾಕಿಗಳೇ. ಅವರ ಹೊಟ್ಟೆ ಏನು ತಪ್ಪು ಮಾಡಿತ್ತು?

ಬೇಕರಿ ಅಂದರೆ ಎರಡೇ ಕೋಣೆ. ಮುಂದೆ ಅಂಗಡಿ, ಹಿಂದೆ ಭಟ್ಟಿ. ಭಟ್ಟಿ ಕೋಣೆಯ ಮೇಲೆ ಅರ್ಧಕ್ಕೆ ಅಟ್ಟ, ಹತ್ತಲು ಒಂದು ಮರದ ಏಣಿ. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆಯೇ ಯಜಮಾನಿ. ಹಿಟ್ಟು ನಾದುವುದು ನನ್ನ ಕೆಲಸ. ನಾದುವುದಕ್ಕಿಂತ ಕೂಗಾಡುವುದು ಜಾಸ್ತಿ ಎಂದು ಬೀದಿಯವರು ನನಗೆ ಸಿಡುಕಪ್ಪ ಎಂದು ಹೆಸರಿಟ್ಟಿದ್ದಾರೆ. ಇಟ್ಟುಕೊಳ್ಳಲಿ. ಅಮ್ಮ ಮಂಡಿ ನೋವಿನಿಂದ ಕೆಲಸ ಬಿಟ್ಟು ವರ್ಷಗಳಾದವು, ಮಾತು ಬಿಟ್ಟಿಲ್ಲ. ಅಟ್ಟದ ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕೂತು ದಿನವಿಡೀ ಸೊಸೆಯ ತಪ್ಪು ಹೆಕ್ಕುವುದು ಅವಳ ಉದ್ಯೋಗ.

ನಮ್ಮದು ಇಟ್ಟಿಗೆ ಮತ್ತು ಜೇಡಿಮಣ್ಣಿನ ಹಳೇ ಭಟ್ಟಿ. ರಾತ್ರಿಯೆಲ್ಲ ಒಳಗೇ ಸೌದೆ ಉರಿಸಿ, ಕೆಂಡವನ್ನು ಪಕ್ಕಕ್ಕೆ ಎಳೆದು, ಆ ಕಾದ ನೆಲದ ಮೇಲೆ ಬ್ರೆಡ್ಡು ಇಡಬೇಕು. ಹೀಗೆ ಕಾದ ಇಟ್ಟಿಗೆಗೆ ತಣ್ಣೀರು ಸೋಕಿದರೆ ಮುಗಿಯಿತು. ಕಮಾನು ಬಿರಿದು ಕೂತುಬಿಡುತ್ತದೆ. ತಾನಾಗಿ ಆರಬೇಕು, ಅದಕ್ಕೆ ಒಂದು ಹಗಲು ಬೇಕು. ಅಂಥ ಕಮಾನು ಕಟ್ಟುತ್ತಿದ್ದವರು ಈಗ ಯಾರೂ ಉಳಿದಿಲ್ಲ. ಅಣ್ಣ ಹೊಟ್ಟೆಯಲ್ಲಿದ್ದಾಗ ಅಮ್ಮ ಅದರ ಮಣ್ಣನ್ನು ತುಳಿದು ಹದ ಮಾಡಿದ್ದಳಂತೆ. ಆ ಭಟ್ಟಿ ಹೋದರೆ ನಮ್ಮ ಬೇಕರಿ ಹೋಯಿತು. ಇಷ್ಟೇ ವಿಷಯ.

ಬೆಳಗ್ಗೆ ಬ್ರೆಡ್ಡು ತೆಗೆದು ಮೆಂಬರ ವ್ಯಾನಿಗೆ ತುಂಬಿದೆವು. ವ್ಯಾನು ಬೀದಿ ತಿರುವು ದಾಟುತ್ತಿದ್ದ ಹಾಗೆ ನೀರು ಬಂತು.

ಪ್ರವಾಹ ಅಂದರೆ ಭೋರ್ಗರೆತ, ರುದ್ರನರ್ತನ ಎಂದೆಲ್ಲ ಬರೆಯುತ್ತಾರೆ. ಬರೆಯುವವರ ಮನೆ ದಿಬ್ಬದ ಮೇಲಿರಬೇಕು. ನಾನು ಕಂಡ ನೀರಿಗೆ ಅಂಥ ಗತ್ತೇನೂ ಇರಲಿಲ್ಲ. ಗಟಾರದಿಂದ ಎದ್ದು, ಒಂಟಿ ಚಪ್ಪಲಿ, ಒಡೆದ ಬಕೆಟ್ಟು, ಯಾರದೋ ಕಕ್ಕಸಿನ ಹೊಲಸು ಎಲ್ಲವನ್ನೂ ಹೊತ್ತುಕೊಂಡು, ಕರೆಯದ ಮನೆಗೆ ಊಟಕ್ಕೆ ಬಂದವನ ಹಾಗೆ ನಾಚಿಕೆಯಿಲ್ಲದೆ ಹೊಸ್ತಿಲಿಗೆ ಬಂದು ನಿಂತಿತು.

ಕೆಲವರು ದಿಬ್ಬಕ್ಕೆ ಓಡಿದರು, ಕೆಲವರು ಮಾಳಿಗೆ ಹತ್ತಿದರು, ಬೀದಿ ಖಾಲಿಯಾಯಿತು. ನನ್ನ ಹೆಂಡತಿ ಮಕ್ಕಳು ಹಿಂದಿನ ಸಂಜೆಯೇ ಶಾಲೆಗೆ ಹೋಗಿದ್ದರು. ಅಮ್ಮನನ್ನೂ ಕರೆದಿದ್ದರು. "ಭಟ್ಟಿ ಉರೀತಿರುವಾಗ ಎದ್ದು ಹೋಗೋಕೆ ನಾನೇನು ನೆಂಟಳಾ?" ಎಂದು ಅವಳು ಏಣಿ ಬಿಟ್ಟು ಅಲುಗಿರಲಿಲ್ಲ.

"ಹಿಟ್ಟಿನ ಮೂಟೆ ತಂದು ಬಾಗಿಲಿಗೆ ಒಟ್ಟು," ಅಂದಳು ಅತ್ತಿಗೆ.

"ತಲೆ ನೆಟ್ಟಗಿದ್ಯಾ ಅತ್ತಿಗೆ? ಇಡೀ ತಿಂಗಳ ಹಿಟ್ಟು ಅದು!"

"ಮರಳಿದ್ರೆ ತಗೊಂಡ್ ಬಾ ಸಿಡುಕಪ್ಪ, ಮರಳೇ ಒಟ್ಟೋಣ."

ಮರಳು ಎಲ್ಲಿಂದ ತರಲಿ? ಬೈಯುತ್ತಲೇ ಹೊತ್ತೆ. ಹಿಂದಿನ ಕೋಣೆಯ ಬಾಗಿಲಿಗೆ ಎರಡು ಸಾಲು ಮೂಟೆ, ಎದೆಯೆತ್ತರ. ಬೀದಿ ಕಾಣುವ ಪಕ್ಕದ ಕಿಟಕಿ ಅದಕ್ಕಿಂತ ಮೇಲಿತ್ತು. ಮೂಟೆಯ ಹೊರಗಿನ ಹಿಟ್ಟು ನೆನೆದು ಕಣಕವಾಗಿ ಗೋಣಿಯ ಸಂದುಗೊಂದಿಗೆಲ್ಲ ಮೆತ್ತಿಕೊಂಡಿತು. ಒಳಗಿನದು ಒಣಗಿಯೇ ಇತ್ತು. ನೀರು ಹೊರಗೆ ತೊಡೆಯ ತನಕ ಏರಿದರೂ ಒಳಗೆ ಒಂದು ಹನಿ ಇಲ್ಲ. ಅತ್ತಿಗೆ ಭಟ್ಟಿಯ ಬಾಯಿ ತೆರೆದಿಟ್ಟು ಕೆಂಡವನ್ನೆಲ್ಲ ಕಬ್ಬಿಣದ ತಟ್ಟೆಗಳಿಗೆ ಎಳೆದು ಕಿಟಕಿಯಿಂದ ಆಚೆ ಸುರಿದಳು. ಕೆಂಡ ಚೊರ್ರೆಂದು ಹೊಳೆಗೆ ಬಿತ್ತು.

"ಕುಡಿ," ಅಂದಳು ಅಮ್ಮ, ಹೊಳೆಗೆ.

ನಾವು ಮೂವರೂ ಒಂದೇ ಒಂದನ್ನು ಮರೆತಿದ್ದೆವು. ಭಟ್ಟಿಯ ಬಾಯಿಯ ಕೆಳಗೆ ಬೂದಿ ಗುಂಡಿ. ಅದನ್ನು ದಿನಾ ತೊಳೆಯುತ್ತೇವೆ, ತೊಳೆದ ನೀರು ತಳದ ಒಂದು ತೂತಿನಿಂದ ಬೀದಿಯ ಗಟಾರಕ್ಕೆ ಹೋಗುತ್ತದೆ. ಹುಟ್ಟಿದಾಗಿನಿಂದ ನೀರು ಅಲ್ಲಿಂದ ಹೊರಗೆ ಹೋಗಿದ್ದನ್ನೇ ನೋಡಿದವರು ನಾವು. ಒಳಗೂ ಬರಬಹುದು ಎಂದು ಯಾರಿಗೂ ಹೊಳೆಯಲಿಲ್ಲ.

ಬೂದಿ ಗುಂಡಿಯಲ್ಲಿ ಬುಳುಬುಳು ಸದ್ದಾಯಿತು. ನೋಡಿದರೆ ಕಪ್ಪು ನೀರು ಉಕ್ಕುತ್ತಿದೆ. ಉಳಿದಿದ್ದ ಒಂದೇ ಮೂಟೆಯನ್ನು ಎತ್ತಿ ಗುಂಡಿಗೆ ತುರುಕಿದೆ. ಅದು ಹಟಮಾರಿ ಮಗುವಿನ ಹಾಗೆ ಮೇಲೆದ್ದು ಬಂತು. ಮತ್ತೆ ತುಳಿದೆ, ಮತ್ತೆ ಎದ್ದಿತು. ಮೇಲೆ ಹತ್ತಿ ನಿಂತರೆ ನೀರು ನಿಲ್ಲುತ್ತದೆ, ಸಂದಿನಿಂದ ಸ್ವಲ್ಪ ಜಿನುಗುತ್ತದೆ ಅಷ್ಟೆ. ಆದರೆ ನಾನು ಅಲ್ಲಿ ನಿಂತರೆ ಜಿನುಗಿದ್ದನ್ನು ಮೊಗೆದು ಹೊರಗೆ ಹಾಕುವವರು ಯಾರು? ಅತ್ತಿಗೆ ಬಾಗಿಲ ಮೂಟೆ ಬಿಟ್ಟು ಬರುವ ಹಾಗಿಲ್ಲ, ಅಲ್ಲಿ ಕಣಕ ಕಿತ್ತುಬಂದ ಕಡೆಯೆಲ್ಲ ಮೆತ್ತುತ್ತಲೇ ಇರಬೇಕಿತ್ತು. ಭಾರದ ವಸ್ತು ಅಂದರೆ ಹಿಟ್ಟು ಕಲಸುವ ತೊಟ್ಟಿ. ಅದು ಮರದ್ದು, ತೇಲುತ್ತದೆ.

ಅಮ್ಮ ಏಣಿಯಿಂದ ಎದ್ದಳು. ಗೋಡೆ ಹಿಡಿದುಕೊಂಡು ಬಂದು, "ಸರಿ ಆಚೆ," ಎಂದು ನನ್ನನ್ನು ತಳ್ಳಿ, ಮೂಟೆಯ ಮೇಲೆ ಕೂತುಬಿಟ್ಟಳು. ಅಮ್ಮನ ಮೈ ಅಂದರೆ ಮೈ. ಬುಳುಬುಳು ನಿಂತಿತು.

"ಇಷ್ಟು ವರ್ಷ ಈ ಮೈ ನಿಮಗೆಲ್ಲ ಭಾರ ಆಗಿತ್ತಲ್ಲ," ಅಂದಳು. "ಈಗ ನೋಡಿ. ಮೊಗೀರಿ, ಏನ್ ಬಾಯ್ ಬಿಟ್ಕೊಂಡು ನಿಂತಿದೀರ?"

ಮೊಗೆದೆ. ಎಣ್ಣೆ ಡಬ್ಬಿಯಲ್ಲಿ ಮೊಗೆದು ಮೂಟೆಗಳ ಮೇಲಿಂದ ಆಚೆ ಚೆಲ್ಲುವುದು, ಮತ್ತೆ ಮೊಗೆಯುವುದು. ಅಮ್ಮನ ಬೆನ್ನಿಗೆ ಭಟ್ಟಿಯ ಬಿಸಿ, ಕಾಲಿಗೆ ಹೊಳೆಯ ತಣ್ಣೀರು. "ರಾಣಿಯರಿಗೂ ಇಂಥ ಸ್ನಾನ ಸಿಕ್ಕಿರಲ್ಲ," ಅಂದಳು. ಸೊಸೆಯ ಕಡೆ ತಿರುಗಿ, "ಅಲ್ಲಿ ಮೂಲೇಲಿ ಸೋರ್ತಿದೆ, ಕಣ್ಣು ಕಾಣಲ್ವೇನೇ?"

"ಕಾಣತ್ತೆ ಅತ್ತೆ. ನಿಮ್ಮ ಬಾಯಿ ಸೋರೋದೂ ಕಾಣತ್ತೆ."

ಮಧ್ಯಾಹ್ನ ಮೋಟಾರಿನ ಸದ್ದಾಯಿತು. ಬೀದಿಯಲ್ಲಿ ದೋಣಿ. ಮೆಂಬರು ಕಿತ್ತಳೆ ಬಣ್ಣದ ಜಾಕೆಟ್ಟು ಹಾಕಿಕೊಂಡು ಮುಂದೆ ನಿಂತಿದ್ದ. ಹಿಂದೆ ಅವನ ಹಿಂಬಾಲಕರು ಇಬ್ಬರು, ಒಬ್ಬನ ಕೈಯಲ್ಲಿ ಫೋನು, ಅದು ಸದಾ ಮೆಂಬರ ಮುಖದ ಕಡೆಗೇ. ಮಾಳಿಗೆಗಳ ಮೇಲೆ ಉಳಿದವರಿಗೆ ಪ್ಯಾಕೆಟ್ಟು ಎಸೆಯುತ್ತಾ ಬರುತ್ತಿದ್ದರು. ನಮ್ಮ ಕಿಟಕಿಗೂ ಒಂದು ಬಿತ್ತು. ಸರಳಿಗೆ ಬಡಿದು ಒಳಗೆ ಅಮ್ಮನ ಮಡಿಲಿಗೇ ಬಂತು. ಪ್ಲಾಸ್ಟಿಕ್ಕಿನ ಮೇಲೆ ಮೆಂಬರ ಫೋಟೋ, ಕೈ ಮುಗಿದು ನಗುತ್ತಿರುವುದು. ಅಮ್ಮ ಬಿಚ್ಚಿ ಒಂದು ಚೂರು ಬಾಯಿಗೆ ಹಾಕಿಕೊಂಡಳು.

"ಉಪ್ಪು ಕಮ್ಮಿ," ಅಂದಳು. "ನಮ್ಮದೇ ಬ್ರೆಡ್ಡು. ಇವನು ಕಲಸಿದ್ದು."

ನನಗೆ ನೆತ್ತಿಗೇರಿತು. ಬೆಳಗ್ಗೆ ನಾವು ಬೇಯಿಸಿ ಕೊಟ್ಟ ಬ್ರೆಡ್ಡಿಗೆ ತನ್ನ ಮೂತಿ ಅಂಟಿಸಿ, ನಾಯಿಗೆ ಎಸೆದ ಹಾಗೆ ನಮಗೇ ಎಸೆಯುತ್ತಾನಲ್ಲ! ಉಳಿದ ಬ್ರೆಡ್ಡನ್ನು ಕಿತ್ತುಕೊಂಡು ಕಿಟಕಿಯಿಂದ ವಾಪಸು ಬೀಸಿದೆ. ಮೆಂಬರ ಕಿವಿಗೆ ಬಡಿಯಿತು. ಒದ್ದೆಯಾಗಿದ್ದರಿಂದ ಚೆನ್ನಾಗಿಯೇ ಬಡಿಯಿತು.

"ಕೊಡೋದಾದ್ರೆ ಬಂದು ಕೈಗೆ ಕೊಡಯ್ಯಾ!" ಎಂದು ಕೂಗಿದೆ.

ಫೋನು ಹಿಡಿದವನು ಅದನ್ನು ಕೆಳಗಿಳಿಸಿದ. ಮೆಂಬರು ಕಿವಿ ಒರೆಸಿಕೊಂಡು, ಫೋನಿಗೆ ತೋರಿಸುವ ನಗೆಯನ್ನೇ ಮತ್ತೆ ತಂದುಕೊಂಡು, ದೋಣಿಯನ್ನು ಅಂಗಡಿಯೊಳಕ್ಕೇ ನುಗ್ಗಿಸಿದ. ಮೂಟೆಗಳ ಮೇಲಿಂದ ಇಣುಕಿದ. ಮೂಲೆಯಲ್ಲಿ ನೀರಲ್ಲಿ ಕೂತ ಮುದುಕಿಯನ್ನು ಕಂಡು ಅವನ ಕಣ್ಣು ಹೇಗೆ ಅರಳಿತು ಅಂದರೆ, ಅವತ್ತಿನ ಇಡೀ ಪ್ರಯಾಣಕ್ಕೆ ಬೇಕಾಗಿದ್ದದ್ದು ಸಿಕ್ಕಿತು ಅನ್ನುವ ಹಾಗೆ.

"ಅಯ್ಯೋ ಅಜ್ಜಿ! ಹೆದರ್ಬೇಡಿ, ನಾನು ಬಂದೆ. ಎತ್ರೋ ಅಜ್ಜೀನ. ನನ್ನ ಹೆಗಲ ಮೇಲೆ ಹಾಕಿ. ಲೇ, ಅದನ್ನ ಸರಿಯಾಗಿ ಹಿಡಿ."

'ಅದನ್ನ' ಅಂದಿದ್ದು ಫೋನನ್ನು.

ಹಿಂಬಾಲಕರಲ್ಲಿ ಒಬ್ಬ ಬೂಟುಗಾಲನ್ನು ಮೂಟೆಯ ಮೇಲೆ ಇಟ್ಟ. ಗೋಣಿ ಪರ್ರನೆ ಹರಿಯಿತು, ನೀರು ದಬದಬ ಒಳಗೆ ಬಂತು. ಅತ್ತಿಗೆ ಅವನ ಕಾಲನ್ನು ಹಿಡಿದು ಆಚೆ ತಳ್ಳಿ, ತನ್ನ ಸೊಂಟವನ್ನೇ ಆ ಬಿರುಕಿಗೆ ಆನಿಸಿ ನಿಂತಳು. ಅವನು ದೋಣಿಯೊಳಕ್ಕೆ ಅಂಗಾತ ಬಿದ್ದ. ನಾನು ಬ್ರೆಡ್ಡು ತೆಗೆಯುವ ಉದ್ದ ಹಿಡಿಯ ಮರದ ಹಲಗೆಯನ್ನು ಎತ್ತಿಕೊಂಡೆ.

"ಇನ್ನೊಂದು ಕಾಲು ಇಟ್ರೆ ಮುರೀತೀನಿ."

"ಏನ್ರೀ ಇದು, ಉಪಕಾರ ಮಾಡೋಕೆ ಬಂದ್ರೆ!" ಅಂದ ಮೆಂಬರು. "ಅಜ್ಜಿ, ನೀವಾದ್ರೂ ಹೇಳಿ. ನೀರು ಇನ್ನೂ ಏರತ್ತೆ. ಬನ್ನಿ, ಎತ್ಕೊಂಡು ಹೋಗ್ತೀವಿ."

"ಎತ್ಕೊಂಡು ಹೋಗೋಕೆ ನಾನೇನು ಗ್ಯಾಸ್ ಸಿಲಿಂಡರಾ?"

"ಜೀವ ದೊಡ್ಡದು ಅಜ್ಜಿ. ಭಟ್ಟಿ ಬೇಕಾದ್ರೆ ಇನ್ನೊಂದು ಕಟ್ಟಬಹುದು."

"ನೀನು ಕಟ್ಟಿಸ್ತೀಯಾ?"

"ಪರಿಹಾರ ಬರತ್ತಲ್ಲ..."

"ನಿನ್ನೆ ನೀರು ಬರಲ್ಲ ಅಂದೆ, ಬಂತು. ಇವತ್ತು ಪರಿಹಾರ ಬರತ್ತೆ ಅಂತೀಯ." ಅಮ್ಮ ಕೂತಲ್ಲೇ ಅವನನ್ನು ಮೇಲಿಂದ ಕೆಳಗೆ ನೋಡಿದಳು. ನೆಲದ ಮಟ್ಟದಲ್ಲಿ ಕೂತು ಇನ್ನೊಬ್ಬನನ್ನು ಮೇಲಿಂದ ನೋಡುವುದು ಹೇಗೆ ಎಂದು ಕೇಳಬೇಡಿ. ಅಮ್ಮನಿಗೆ ಬರುತ್ತದೆ. "ನಾನು ಎದ್ರೆ ನೀರು ಒಳಗೆ ಬರತ್ತೆ. ಭಟ್ಟಿ ಆರೋ ತನಕ ಏಳಲ್ಲ. ನೀನು ಅಲ್ಲಿ ಮಾಳಿಗೆ ಮೇಲೆ ಮಕ್ಕಳಿದಾವಲ್ಲ, ಅವನ್ನ ಕರ್ಕೊಂಡು ಹೋಗು. ಅವು ಹೆಗಲಿಗೂ ಹಗುರ, ಫೋಟೋಕ್ಕೂ ಚೆಂದ."

ಇನ್ನೊಂದು ದೋಣಿ ಬರುವುದಿಲ್ಲ, ಮುಂದಿನದಕ್ಕೆ ತಾನು ಜವಾಬ್ದಾರನಲ್ಲ, ಎಂದು ಮೆಂಬರು ಹೇಳಿದ. ಅದನ್ನು ಮಾತ್ರ ಫೋನಿನಲ್ಲಿ ಹಿಡಿಸಿಕೊಂಡ. ಮೋಟಾರಿನ ಸದ್ದು ದೂರವಾಯಿತು.

ಆಮೇಲೆ ಬೀದಿಯಲ್ಲಿ ಮನುಷ್ಯರ ಸದ್ದೇ ಇಲ್ಲ. ಹರಿದ ಮೂಟೆಯನ್ನು ಎಷ್ಟು ಮೆತ್ತಿದರೂ ಸೋರಿಕೆ ಪೂರ್ತಿ ನಿಲ್ಲಲಿಲ್ಲ. ನಾನು ಮೊಗೆಯುವುದಕ್ಕಿಂತ ಬರುವುದೇ ಹೆಚ್ಚಾಯಿತು. ಕೂತ ಅಮ್ಮನ ಸೊಂಟ ಮುಳುಗಿತು, ಹೊಟ್ಟೆ ಮುಳುಗಿತು. ಭಟ್ಟಿಯ ನೆಲಕ್ಕೂ ನೀರಿಗೂ ಒಂದು ಗೇಣು ಉಳಿದಿತ್ತು. ಭಟ್ಟಿ ಆರುತ್ತಾ ಬಂದ ಹಾಗೆ ಅಮ್ಮನ ಬೆನ್ನಿನ ಬಿಸಿಯೂ ಕಡಿಮೆಯಾಗುತ್ತಾ ಬಂತು. ಅದು ನಮಗೆ ಮೊದಲು ಹೊಳೆಯಲಿಲ್ಲ. ಭಟ್ಟಿ ಆರಲಿ ಎಂದು ನಾವು ಕಾಯುತ್ತಿದ್ದೆವು, ಅದು ಆರುವುದೇ ಅವಳನ್ನು ಕೊಲ್ಲುತ್ತಿತ್ತು. ಸಂಜೆಯ ಹೊತ್ತಿಗೆ ಅವಳು ಬೈಯುವುದನ್ನು ನಿಲ್ಲಿಸಿದಳು. ಹಲ್ಲು ಕಟಕಟ ಅನ್ನುತ್ತಿತ್ತು, ತುಟಿ ನೀಲಿ.

ನಾನು ಡಬ್ಬಿ ಬಿಸಾಕಿದೆ. "ಸಾಕು. ಭಟ್ಟಿ ಹಾಳಾಗಿ ಹೋಗ್ಲಿ. ಎತ್ತಿ ಅಟ್ಟಕ್ಕೆ ಹಾಕ್ತೀನಿ," ಎಂದು ಅವಳ ಕಂಕುಳಿಗೆ ಕೈ ಹಾಕಿದೆ.

"ಮುಟ್ಟಬೇಡ," ಅಂದಳು ಅತ್ತಿಗೆ. "ಆ ಮೆಂಬರಿಗೂ ನಿನಗೂ ಏನು ವ್ಯತ್ಯಾಸ? ಕೇಳು ಮೊದಲು."

ಕೈ ತೆಗೆದೆ. ಮುಖಕ್ಕೆ ಹೊಡೆದ ಹಾಗಾಯಿತು. "ಅಮ್ಮಾ, ಏಳ್ತೀಯಾ?"

"ಇಲ್ಲ."

ಅಷ್ಟೇ. ಮತ್ತೆ ಡಬ್ಬಿ ಹುಡುಕಿಕೊಂಡೆ.

ಭಟ್ಟಿ ಎಷ್ಟು ಕಾದಿದೆ, ಎಷ್ಟು ಆರಿದೆ ಎಂದು ನಾವು ಅಂಗೈಯಿಂದ ನೋಡುತ್ತೇವೆ. ಒಳಗಿನ ಇಟ್ಟಿಗೆಗೆ ಅಂಗೈ ಒತ್ತಿ ಹಿಡಿಯಲು ಆದರೆ ಆರಿದೆ ಎಂದು ಅರ್ಥ. ಅತ್ತಿಗೆ ಮದುವೆಯಾಗಿ ಬಂದಾಗಿನಿಂದ ಎಷ್ಟು ಸಲ ಕೈಯಿಟ್ಟು ನೋಡಿದ್ದಾಳೋ ಅಷ್ಟೂ ಸಲ ಅಮ್ಮ ಹಿಂದೆಯೇ ಬಂದು ತಾನೂ ಕೈಯಿಟ್ಟು ನೋಡಿದ್ದಾಳೆ. ಒಂದು ದಿನವೂ ಸೊಸೆಯ ಅಂಗೈಯನ್ನು ನಂಬಿದವಳಲ್ಲ. ಈಗ ಅಮ್ಮ ಕೈಯಿಡುವ ಹಾಗಿರಲಿಲ್ಲ. ತಿರುಗಿ ಎದ್ದರೆ ಗುಂಡಿ ತೆರೆಯುತ್ತದೆ.

ಅತ್ತಿಗೆ ನೀರು ದಾಟಿ ಬಂದಳು. ಅಮ್ಮನ ಹೆಗಲ ಮೇಲಿಂದ ಬಗ್ಗಿ ಭಟ್ಟಿಯ ಬಾಯೊಳಗೆ ಮೊಣಕೈ ತನಕ ಕೈ ಹಾಕಿದಳು. ಹಾಗೇ ಹಿಡಿದಳು. ಮುಖದ ಒಂದು ನರವೂ ಅಲುಗಲಿಲ್ಲ.

"ಆರಿದೆ ಅತ್ತೆ. ಏಳಿ."

ಅಮ್ಮ ಕತ್ತೆತ್ತಿ ಅವಳನ್ನು ನೋಡಿದಳು. "ಸರಿಯಾಗಿ ನೋಡ್ದೇನೇ?"

"ಸರಿಯಾಗೇ ನೋಡ್ದೆ."

"ಒಳಗಿನ ಮೂಲೆ?"

"ಒಳಗಿನ ಮೂಲೇನೂ."

ಅಮ್ಮ ಇನ್ನೂ ಸ್ವಲ್ಪ ಹೊತ್ತು ಕೂತೇ ಇದ್ದಳು. ನೀರಿನ ಬಗ್ಗೆ ಅವಳಿಗೆ ಯೋಚನೆಯಿರಲಿಲ್ಲ, ಅದನ್ನು ಬೆಳಗ್ಗೆಯಿಂದ ಕೂತೇ ಗೆದ್ದಿದ್ದಳು. ಸೊಸೆಯ ಮಾತಿನ ಮೇಲೆ ಏಳಬೇಕಲ್ಲ, ಅದು ಕಷ್ಟವಾಗಿತ್ತು. ಕೊನೆಗೆ ಕೈ ಚಾಚಿದಳು. ಯಾರೂ ಎತ್ತಲಿಲ್ಲ. ಅವಳು ನಮ್ಮಿಬ್ಬರನ್ನು ಹಿಡಿದುಕೊಂಡು ತಾನೇ ಎದ್ದಳು. ಮೂಟೆ ಛಂಗನೆ ಮೇಲೆ ಹಾರಿತು, ಗುಂಡಿ ಬಾಯ್ತೆರೆಯಿತು. ನಾವು ಏಣಿ ಹತ್ತಿ ಅಟ್ಟ ಸೇರುವಷ್ಟರಲ್ಲಿ ಭಟ್ಟಿಯ ಬಾಯಿ ನೀರು ನುಂಗತೊಡಗಿತ್ತು.

ಹಳೇ ಗೋಣಿಗಳನ್ನೆಲ್ಲ ಅಮ್ಮನಿಗೆ ಸುತ್ತಿದೆವು. ಕೆಳಗೆ ಆವಿಯೆದ್ದು ಅಟ್ಟವೆಲ್ಲ ಬೆಚ್ಚಗಾಯಿತು. ಆರಿದ ಭಟ್ಟಿಯಿಂದ ಅಷ್ಟು ಆವಿ ಏಳುವುದಿಲ್ಲ ಎಂದು ನನಗೂ ಗೊತ್ತಾಯಿತು. ನಾನು ಬಾಯಿ ಮುಚ್ಚಿಕೊಂಡೆ. ಜೀವಮಾನದಲ್ಲಿ ಒಂದೆರಡು ಸಲ ಹಾಗೆ ಮಾಡಿದ್ದೇನೆ.

ಆಗ ಕೆಳಗಿಂದ ಒಂದು ಸದ್ದು ಬಂತು. ಒಣಗಿದ ಕೊಂಬೆ ಮುರಿದ ಹಾಗೆ, ಒಂದೇ ಸಲ.

"ಕೈ ತೋರ್ಸು," ಅಂದಳು ಅಮ್ಮ.

ಅತ್ತಿಗೆ ಮುಷ್ಟಿ ಬಿಗಿ ಮಾಡಿಕೊಂಡಳು. ಅಮ್ಮ ಒಂದೊಂದೇ ಬೆರಳನ್ನು ಬಿಡಿಸಿದಳು. ಅಂಗೈ ಪೂರ್ತಿ ಬೊಬ್ಬೆ. ಬೆರಳ ತುದಿಗಳಲ್ಲಿ ಚರ್ಮ ಬೆಳ್ಳಗೆ ಬಿಟ್ಟುಕೊಂಡಿತ್ತು.

"ಸುಳ್ಳಿ," ಅಂದಳು ಅಮ್ಮ. "ನನ್ನ ಭಟ್ಟಿ ಒಡೆದ್ಯಲ್ಲೇ. ಯಾರನ್ನ ಕೇಳಿ ಸುಳ್ಳು ಹೇಳ್ದೆ?"

"ನಿಜ ಹೇಳಿದ್ರೆ ಏಳ್ತಿದ್ರಾ?"

"ಇಲ್ಲ."

"ಮತ್ತೆ?"

ಅಮ್ಮ ಆ ಕೈಯನ್ನು ಬಿಡಲಿಲ್ಲ. ಬೊಬ್ಬೆಗೆ ಊದುತ್ತಾ, ಊದುವುದರ ನಡುನಡುವೆ ಬೈಯುತ್ತಾ ಕೂತಳು.

ನೀರು ಇಳಿಯಿತು. ಪತ್ರಿಕೆಯಲ್ಲಿ ಮೆಂಬರ ದೋಣಿಯ ಫೋಟೋ ಬಂತು. ಪ್ರಕೃತಿಯ ಮುನಿಸಿನ ಎದುರು ಎದೆಯೊಡ್ಡಿದ ಧೀರ ಎಂದು ಬರೆದಿದ್ದರು. ಎದೆಗೆ ಜಾಕೆಟ್ಟು ಇತ್ತು ಎಂದು ಬರೆದಿರಲಿಲ್ಲ. ಭಟ್ಟಿಯ ಕಮಾನು ಬೀಳಲಿಲ್ಲ. ಬಾಯಿಯ ಎಡಗಡೆಯಿಂದ ನೆತ್ತಿಯ ತನಕ ಒಂದು ಬಿರುಕು, ಬೆರಳು ತೂರುವಷ್ಟು. ಮೂಟೆಗಳ ಹೊರಗಿನ ಕಣಕ ಕಿತ್ತೆಸೆದು, ಒಳಗೆ ಒಣಗಿ ಉಳಿದಿದ್ದ ಹಿಟ್ಟನ್ನು ಜರಡಿ ಹಿಡಿದೆವು. ಅತ್ತಿಗೆ ಬಟ್ಟೆ ಸುತ್ತಿದ ಕೈಯನ್ನು ಎದೆಗೆ ಆನಿಸಿಕೊಂಡು, ಇನ್ನೊಂದು ಕೈಯಿಂದ ಬಿರುಕಿಗೆ ಮಣ್ಣು ತುಂಬಿದಳು. ಮಣ್ಣನ್ನು ಹದ ಮಾಡಿಕೊಟ್ಟವಳು ಅಮ್ಮ. ಕೂತು, ಕೈಯಿಂದಲೇ. ಹಾಗೆ ಮಣ್ಣು ಕೊಡುವಾಗಲೂ ಸೊಸೆಯ ಜೊತೆ ಮಾತಿಲ್ಲ. ಉಂಡೆ ಮಾಡಿ ನನ್ನ ಕೈಗೆ ಕೊಡುವಳು, ನಾನು ಎರಡು ಹೆಜ್ಜೆ ನಡೆದು ಅತ್ತಿಗೆಗೆ ಕೊಡಬೇಕು.

ಮೆಲ್ಲಗೆ ಉರಿ ಏರಿಸಿ ಒಂದು ತಟ್ಟೆ ಬ್ರೆಡ್ಡು ತೆಗೆದೆವು. ಎಡಗಡೆಯದು ಸೀದಿತ್ತು, ಬಲಗಡೆಯದು ತಿನ್ನುವ ಹಾಗಿತ್ತು. ಬೀದಿಯವರು ಬಂದು ಸೀದದ್ದನ್ನೂ ಕೊಂಡರು. ಆದರೂ ಅಮ್ಮನ ಮಾತಿಲ್ಲ. ಅತ್ತಿಗೆ ಭಟ್ಟಿಗೆ ಕೈಯಿಟ್ಟರೆ ಅಮ್ಮ ಗೋಡೆ ಹಿಡಿದು ಹೋಗಿ ತಾನೂ ಇಡುತ್ತಾಳೆ, ಮೊದಲಿಗಿಂತ ಹೆಚ್ಚು ಹೊತ್ತು.

ನನಗೆ ತಡೆಯಲಾಗಲಿಲ್ಲ. "ಅಲ್ಲಮ್ಮ, ಹೊಳೆ ಮೇಲೆ ನಿನಗೆ ಸಿಟ್ಟಿಲ್ವಾ?"

"ಅದರ ಮೇಲೇನು ಸಿಟ್ಟು? ನೀರು ಅದು. ಎಲ್ಲಿ ತಗ್ಗಿರತ್ತೋ ಅಲ್ಲಿಗೆ ಹೋಗತ್ತೆ."

"ಮೆಂಬರ ಮೇಲೆ?"

"ಅವನೂ ಹಾಗೇ."

"ಮತ್ತೆ ಅತ್ತಿಗೆ ಮೇಲೆ ಮಾತ್ರ ಯಾಕೆ?"

ಅಮ್ಮ ಕೈಗೆ ಮೆತ್ತಿದ ಭಟ್ಟಿಯ ಬೂದಿಯನ್ನು ಉಜ್ಜಿ ಉದುರಿಸಿದಳು.

"ಸಿಟ್ಟು ಮಾಡ್ಕೊಳ್ಳೋದಾದ್ರೆ ಅದಕ್ಕೆ ತಕ್ಕೋರು ಬೇಕು ಕಣೋ. ಕಂಡಕಂಡವ್ರ ಮೇಲೆ ಮಾಡ್ಕೊಳ್ಳೋಕಾಗತ್ತಾ?"

ಒಳಗಿದ್ದ ಅತ್ತಿಗೆಗೆ ಕೇಳಿಸಿತು. ಕೈಯಲ್ಲಿದ್ದ ತಟ್ಟೆಯನ್ನು ಎತ್ತಿ ಠಣ್ಣೆಂದು ಕುಕ್ಕಿದಳು.